ಅಕ್ಷತೆ ಉದುರದ ಗಿಟಾರು

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯದೆ ಇರುವುದಿಲ್ಲ. ಕೆಲವರಿಗೆ ಸೈಕಲ್ಲು, ಕೆಲವರಿಗೆ ಸಿರಿಧಾನ್ಯ, ಇನ್ನು ಕೆಲವರಿಗೆ ಬೆಳಬೆಳಗ್ಗೆ ಪಾರ್ಕಿನಲ್ಲಿ ಗುಂಪುಗೂಡಿ ಕಾರಣವಿಲ್ಲದೆ ನಗುವುದು. ನನಗೆ ಗಿಟಾರಿನ ಹುಚ್ಚು ಹಿಡಿಯಿತು. ಹಿಡಿಸಿದವರು ಬಸವೇಶ್ವರನಗರದ ನಮ್ಮ ಬೀದಿಯ ಕೊನೆಯ ಮನೆಯ ನಾಗರಾಜು. ಬಡಾವಣೆಯ ರಾಜ್ಯೋತ್ಸವದಲ್ಲಿ ಈ ಮಹಾನುಭಾವರು ಪ್ರತಿ ವರ್ಷ ಕರೋಕೆ ಹಾಕಿಕೊಂಡು ಹಾಡುತ್ತಾರೆ. ಸಂಗೀತ ಮುಂದೆ ಹೊರಟುಹೋಗಿರುತ್ತದೆ, ಇವರು ಬಸ್ಸು ತಪ್ಪಿಸಿಕೊಂಡವರ ಹಾಗೆ ಹಿಂದೆ ಓಡುತ್ತಿರುತ್ತಾರೆ. ಆದರೂ ವೇದಿಕೆ ಇಳಿದು ಬಂದ ಮೇಲೆ ಹೆಂಗಸರೆಲ್ಲ, "ಎಷ್ಟ್ ಚೆನ್ನಾಗ್ ಹಾಡ್ತೀರ ಸಾರ್!" ಅನ್ನುತ್ತಾರೆ. ಹಾಗೆ ಅನ್ನುವವರಲ್ಲಿ ನನ್ನ ಹೆಂಡತಿ ಸುಮಾಳೂ ಒಬ್ಬಳು. ಉಳಿದವರದನ್ನು ಸಹಿಸಿಕೊಂಡೇನು, ಇದನ್ನು ಸಹಿಸಲಾಗಲಿಲ್ಲ. ಬಡಾವಣೆಯ ಸಂಘದ ಸಭೆಯಲ್ಲಿ ಎದ್ದು ನಿಂತು, "ಈ ಸಲ ನಾನೂ ಗಿಟಾರಲ್ಲಿ ಒಂದು ಹಾಡು ನುಡಿಸ್ತೀನಿ" ಎಂದು ಘೋಷಿಸಿಬಿಟ್ಟೆ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನ ಗಿಟಾರಿನ ಮೇಲೆ ಒಂದೆರಡು ವಾರ ಕೈಯಾಡಿಸಿದ್ದೆ, ಆ ಧೈರ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ ಸುಮಾ, "ಅದ್ಸರಿ, ಗಿಟಾರ್ ಎಲ್ಲಿದೆ?" ಎಂದು ಕೇಳಿದಳು.

ಹೊಸದು ಬೇಡ, ಹಳೆಯದನ್ನೇ ಹುಡುಕೋಣ ಎಂದು ತೀರ್ಮಾನಿಸಿದೆ. ನುಡಿಸಿದಷ್ಟೂ ಮರ ಪಳಗುತ್ತದೆ, ದನಿ ತುಂಬುತ್ತದೆ ಎಂದು ಮೊಬೈಲಿನ ವಿಡಿಯೋಗಳಲ್ಲಿ ಉದ್ದ ಕೂದಲಿನ ಪಂಡಿತರೆಲ್ಲ ಒಂದೇ ಬಾಯಲ್ಲಿ ಹೇಳುತ್ತಾರೆ. ಒಳ್ಳೆಯ ಹಳೆ ಗಿಟಾರಿನ ಲಕ್ಷಣಗಳನ್ನು ಅವರಿಂದಲೇ ಬಾಯಿಪಾಠ ಮಾಡಿಕೊಂಡೆ. ಕತ್ತು ನೆಟ್ಟಗಿರಬೇಕು; ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲೂ ಬಾಗಿರಬಾರದು. ತಂತಿಗಳು ಕತ್ತಿನಿಂದ ತೀರಾ ಮೇಲೆದ್ದಿರಬಾರದು, ಎದ್ದಿದ್ದರೆ ಒತ್ತಿ ಒತ್ತಿ ಬೆರಳಿಗೆ ಬೊಕ್ಕೆ ಬರುತ್ತದೆ. ತಂತಿ ಸಿಕ್ಕಿಸುವ ಪಟ್ಟಿಯ ಅಂಟು ಬಿಟ್ಟಿರಬಾರದು, ಅದರ ಹಿಂದೆ ಹೊಟ್ಟೆ ಉಬ್ಬಿರಬಾರದು. ತಂತಿ ಬಿಗಿಯುವ ಕಿವಿ ತಿರುಪಿ ಶ್ರುತಿ ಮಾಡಿದರೆ ಅದು ನಿಲ್ಲಬೇಕು. ನಾನು ಇಷ್ಟನ್ನೂ ಸುಮಾಳಿಗೆ ಒಪ್ಪಿಸುತ್ತಿದ್ದರೆ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. "ಹೊಟ್ಟೆ ಉಬ್ಬಿರಬಾರದು, ಹೇಳಿದ ಮಾತಿಗೆ ನಿಲ್ಲಬೇಕು. ನಮ್ಮಪ್ಪ ಇಷ್ಟೆಲ್ಲಾ ನೋಡಿದ್ದಿದ್ರೆ ನನ್ ಹಣೇಬರ ಹಿಂಗ್ಯಾಕಾಗ್ತಿತ್ತು" ಎಂದು ಅಡುಗೆಮನೆಗೆ ಹೋದಳು.

ಹುಡುಕಲು ಹೊರಟ ಮೇಲೆ ನನಗೆ ಗೊತ್ತಾದದ್ದು, ನಮ್ಮ ಕಡೆ ಗಿಟಾರಿಲ್ಲದ ಮನೆಯೇ ಇಲ್ಲ. ಎಲ್ಲವೂ ಲಾಕ್‌ಡೌನಿನ ಕೂಸುಗಳು. ಆಗ ಮಕ್ಕಳ ಪ್ರತಿಭೆಯ ಬಗ್ಗೆ ತಂದೆತಾಯಂದಿರಿಗೆ ಇದ್ದಕ್ಕಿದ್ದಂತೆ ಅಪಾರ ನಂಬಿಕೆ ಹುಟ್ಟಿತ್ತು. ಶಾಲೆ ತೆರೆದ ಕೂಡಲೇ ನಂಬಿಕೆ ಹೋಯಿತು, ಗಿಟಾರು ಬೀರುವಿನ ಮೇಲೆ ಹತ್ತಿತು. ಸುಮಾಳನ್ನೂ ಕರೆದುಕೊಂಡು ಮೊದಲು ಹೋದದ್ದು ರಾಜಾಜಿನಗರದ ಒಬ್ಬ ನಿವೃತ್ತ ಇಂಜಿನಿಯರರ ಮನೆಗೆ. ಹೆಣ್ಣು ನೋಡಲು ಬಂದವರಂತೆ ನಮ್ಮನ್ನು ಸೋಫಾದಲ್ಲಿ ಕೂರಿಸಿ, ಚಕ್ಕುಲಿ ಕಾಫಿ ಕೊಟ್ಟು, ಆಮೇಲೆ ಗಿಟಾರನ್ನು ಹೊರಗೆ ತಂದರು. ಅದರ ಹಣೆಗೆ ಕುಂಕುಮ, ಕತ್ತಿಗೆ ಒಣಗಿದ ಸೇವಂತಿಗೆ ದಾರ. ನಾನು ಒಂದು ಕಣ್ಣು ಮುಚ್ಚಿ ಅದನ್ನು ಎತ್ತಿ ಹಿಡಿದೆ. ಒಳಗೆ ಜಲಜಲ ಸದ್ದಾಯಿತು. ಬೋರಲು ಹಾಕಿ ಅಲ್ಲಾಡಿಸಿದರೆ ಹೊಟ್ಟೆಯ ತೂತಿನಿಂದ ಅವರ ಸೋಫಾದ ಮೇಲೆಲ್ಲ ಅಕ್ಷತೆ ಸುರಿಯಿತು. ಯಜಮಾನರಿಗೆ ಸ್ವಲ್ಪವೂ ಸಂಕೋಚವಿಲ್ಲ. "ಸರಸ್ವತಿ ಪೂಜೆ ಒಂದ್ ವರ್ಷಾನೂ ತಪ್ಪಿಸಿಲ್ಲ ಸಾರ್. ಮಗಳು ಕೈಯೇ ಹಚ್ಚಿಲ್ಲ, ಬೇಕಾದ್ರೆ ನೋಡಿ, ಒಂದ್ ಗೀರಿಲ್ಲ!" ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನೂ ವಾದ್ಯವನ್ನೂ ವಿಜಯದಶಮಿಯ ತನಕ ಮುಟ್ಟಬಾರದೆಂಬುದು ನಮ್ಮಲ್ಲಿ ಪದ್ಧತಿ. ಓದು ತಪ್ಪಿತೆಂದು ಚಿಕ್ಕಂದಿನಲ್ಲಿ ನಾವೆಲ್ಲ ಕುಣಿದಾಡುತ್ತಿದ್ದೆವು. ಆದರೆ ಈ ಮನೆಗಳವರು ಹಿಡಿದ ವ್ರತ ಬಹಳ ಕಠಿಣವಾದದ್ದು. ವರ್ಷಗಳು ಉರುಳಿದರೂ ಅವರಿಗೆ ವಿಜಯದಶಮಿಯೇ ಬಂದಿಲ್ಲ. ನಾವು ವಿದ್ಯೆಯನ್ನು ತುಂಬ ಗೌರವಿಸುವ ಜನ. ಎಷ್ಟು ಗೌರವವೆಂದರೆ ಅದರ ಹತ್ತಿರ ಸುಳಿಯುವುದಿಲ್ಲ, ದೂರದಿಂದಲೇ ಅಕ್ಷತೆ ಎಸೆಯುತ್ತೇವೆ. ವಿಜಯನಗರದಲ್ಲಿ ನೋಡಿದ ಗಿಟಾರಿನಲ್ಲೂ ಅಕ್ಷತೆ ಉದುರಿತು, ಜೊತೆಗೆ ಒಂದು ಅಡಿಕೆ. ಬ್ಯಾಡರಹಳ್ಳಿಯಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿರುವ ಒಬ್ಬರು ಆಯುಧಪೂಜೆಯ ದಿನ ಗಿಟಾರನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು, ಎರಡಕ್ಕೂ ಸೇರಿಸಿ ಒಂದೇ ಕುಂಬಳಕಾಯಿ ಒಡೆಯುತ್ತಿದ್ದರಂತೆ. ನಾವು ಬರುತ್ತೇವೆಂದು ಅದಕ್ಕೆ ತಲೆಯಿಂದ ಬುಡದವರೆಗೆ ಕೊಬ್ಬರಿ ಎಣ್ಣೆ ಬೇರೆ ತಿಕ್ಕಿದ್ದರು. "ಹೆಂಗ್ ಹೊಳೀತೈತೆ ನೋಡಿ ಸಾರ್" ಎಂದು ನನ್ನ ಕೈಗೆ ಕೊಟ್ಟರು, ಅದು ಜಾರಿ ನನ್ನ ಕಾಲ ಮೇಲೆ ಬಿತ್ತು. ಅಲ್ಲಿಂದೀಚೆಗೆ ಕತ್ತು, ಹೊಟ್ಟೆ, ಕಿವಿ ಎಲ್ಲ ಆಮೇಲೆ. ಮೊದಲು ಅಲ್ಲಾಡಿಸಿ ನೋಡುವುದು ಎಂದು ನಿಯಮ ಮಾಡಿಕೊಂಡೆ. ಹಳೆ ಗಿಟಾರಿಗೆ ಇರಬೇಕಾದ ಮೊದಲ ಲಕ್ಷಣ, ಅದನ್ನು ಯಾರಾದರೂ ನುಡಿಸಿರಬೇಕು. ಯಾವ ಪಂಡಿತನೂ ಇದನ್ನು ಹೇಳಿರಲಿಲ್ಲ.

ಕೊನೆಗೆ ಅಂಥದ್ದು ಸಿಕ್ಕಿದ್ದು ಅನ್ನಪೂರ್ಣೇಶ್ವರಿ ನಗರದಲ್ಲಿ. ಗೆಳತಿಯರ ಜೊತೆ ರೂಮು ಮಾಡಿಕೊಂಡಿರುವ, ಎಂ.ಎ. ಓದುತ್ತಿರುವ ಹುಬ್ಬಳ್ಳಿಯ ಹುಡುಗಿ ಸವಿತಾ ಅದರ ಒಡತಿ. "ಹೊಸಾದು ತಗೊಂಡೀನ್ರಿ, ಎರಡು ಇಡಾಕ ಜಾಗಾ ಇಲ್ರಿ. ಇದು ನೋಡಾಕ ಚಂದಿಲ್ಲ, ಬಾರ್ಸಿದ್ರ ಮಸ್ತ್ ಐತ್ರಿ" ಎಂದಳು. ನಿಜಕ್ಕೂ ನೋಡಲು ಚಂದವಿರಲಿಲ್ಲ. ಕೈ ಉಜ್ಜಿ ಉಜ್ಜಿ ಪಾಲಿಶ್ ಹೋಗಿ ಬರೀ ಮರ ಕಾಣುತ್ತಿತ್ತು, ಬೆರಳು ಒತ್ತುವ ಕಡೆಯೆಲ್ಲ ಸವೆದ ಗುರುತು. ಅಲ್ಲಾಡಿಸಿದೆ, ಒಂದು ಕಾಳೂ ಬೀಳಲಿಲ್ಲ. ಕತ್ತು ನೆಟ್ಟಗಿತ್ತು, ಹೊಟ್ಟೆ ಚಪ್ಪಟೆಯಾಗಿತ್ತು. "ನೀವ ಬಾರ್ಸಿ ನೋಡ್ರಿ ಸರ್" ಎಂದಳು. ನಾನು ಅವಸರವಾಗಿ ಗಿಟಾರನ್ನು ಅವಳ ಕೈಗೇ ವಾಪಸ್ಸು ಕೊಟ್ಟೆ. "ಬೇಡಮ್ಮ, ನೀನೇ ನುಡಿಸು, ನಾನು ದೂರದಿಂದ ನಾದ ಪರೀಕ್ಷೆ ಮಾಡ್ತೀನಿ" ಎಂದೆ. ಅವಳು ಕುರ್ಚಿಯ ತುದಿಯಲ್ಲಿ ಕೂತು ಸುಮ್ಮನೆ ಏನೋ ನುಡಿಸಿದಳು. ಆ ಸಣ್ಣ ಕೋಣೆ ತುಂಬಿಹೋಯಿತು. ಬಂದಾಗಿನಿಂದ ಮೊಬೈಲು ನೋಡುತ್ತಿದ್ದ ಸುಮಾ ಅದನ್ನು ಕೆಳಗಿಟ್ಟಳು. ಅವಳು ಹಾಗೆ ಕಿವಿಗೊಟ್ಟು ಕೂತದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ, ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಇನ್ನು ಮುಂದೆ ಈ ನಾದ ನಮ್ಮ ಮನೆಯಲ್ಲಿ, ನನ್ನ ಕೈಯಲ್ಲಿ ಎಂದುಕೊಂಡು ಅಲ್ಲೇ ವ್ಯಾಪಾರ ಮುಗಿಸಿದೆ.

ಒಳ್ಳೆಯ ಗಿಟಾರಿಗೆ ಒಂದು ದೊಡ್ಡ ದೋಷವಿದೆ, ಅದರ ಮೇಲೆ ಏನನ್ನೂ ಹೊರಿಸಲಾಗುವುದಿಲ್ಲ. ಕೆಟ್ಟ ಗಿಟಾರಾಗಿದ್ದರೆ ತಂತಿ ಎತ್ತರ, ಶ್ರುತಿ ನಿಲ್ಲಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಇಲ್ಲಿ ಅಪಸ್ವರ ಬಂದರೆ ಅದು ನನ್ನದೇ, ಅದೂ ತುಂಬಿದ ದನಿಯಲ್ಲಿ, ಎದುರು ಮನೆಗೂ ಕೇಳುವಷ್ಟು ಸ್ಪಷ್ಟವಾಗಿ. ರಾಜ್ಯೋತ್ಸವ ಬಂದೇಬಿಟ್ಟಿತು. ನಾಗರಾಜು ಎಂದಿನಂತೆ ಸಂಗೀತದ ಹಿಂದೆ ಓಡಿ ಮುಗಿಸಿದ ಮೇಲೆ ಸಂಘದವರು ನನ್ನನ್ನು ವೇದಿಕೆಗೆ ಕರೆದರು. ನನ್ನ ಬೆರಳುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಕೂರುವಷ್ಟರಲ್ಲಿ ಹಾಡು ಮುಗಿಯಿತೆಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮತ್ತೆ ಶುರು ಮಾಡುತ್ತಿದ್ದೆ, ಅವರು ಪಾಪ ಮತ್ತೆ ತಟ್ಟುತ್ತಿದ್ದರು. ನಿಜವಾಗಿ ಮುಗಿದಾಗ ಯಾರಿಗೂ ನಂಬಿಕೆ ಬರದೆ ಸುಮ್ಮನೆ ಕೂತಿದ್ದರು.

ಕೆಳಗಿಳಿದು ಬಂದರೆ ನಾಗರಾಜು ಎದುರಿಗೇ ನಿಂತಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ವ್ಯಂಗ್ಯವೇನೋ ಎಂದು ಮುಖ ನೋಡಿದೆ. ಇಲ್ಲ, ಆಸಾಮಿಯ ಕಣ್ಣಲ್ಲಿ ನಿಜವಾದ ಮೆಚ್ಚುಗೆ. "ಏನ್ ಗಿಟಾರ್ ಸಾರ್ ಅದು! ಯಾರ್ ನುಡಿಸಿದ್ರೂ ಚೆನ್ನಾಗೇ ಕೇಳ್ಸುತ್ತೆ. ಮಾರೋದಾದ್ರೆ ಮೊದಲು ನಂಗೇ ಹೇಳ್ಬೇಕು, ಮರೀಬೇಡಿ" ಎಂದರು. ತಕ್ಕ ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಪಕ್ಕದಲ್ಲಿದ್ದ ಸುಮಾ ನಗುನಗುತ್ತಾ ಹೇಳಿದಳು: "ನಾಳೆ ಬೆಳಿಗ್ಗೇನೇ ಬನ್ನಿ ಸಾರ್."