ಪಂಡಿತ ತೊಳೆದ ಕಾವಲಿ

ಸಂಸಾರದಲ್ಲಿ ಗಂಡಸು ತಾನಾಗಿ ಪಾತ್ರೆ ತೊಳೆಯಬಾರದು. ಹೇಳಿದರೆ ತೊಳೆಯಬೇಕು, ಹೇಳಿದ್ದನ್ನು ಮಾತ್ರ ತೊಳೆಯಬೇಕು. ಈ ವೇದವಾಕ್ಯ ನನಗೆ ಹೊಳೆದದ್ದು ಕಳೆದ ಭಾನುವಾರ, ಬಯಾನ್ ಲೆಪಾಸ್‌ನ ನಮ್ಮ ಕಾಂಡೊ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಸ್ವಲ್ಪ ತಡವಾಗಿ.

ನಾನು ದಾಮೋದರ, ಉಡುಪಿಯವನು. ಮಲೇಷ್ಯಾದ ಪೆನಾಂಗಿನಲ್ಲಿ ಕಡಲಿನ ನೀರನ್ನು ಸಿಹಿನೀರು ಮಾಡುವ ಸಂಶೋಧನೆ ನನ್ನ ಕಸುಬು. ಉಪ್ಪುನೀರನ್ನು ತೆಳ್ಳನೆಯ ಪೊರೆಯ ಮೂಲಕ ಒತ್ತಿ ದೂಡಿದರೆ ಉಪ್ಪು ಈಚೆ ಉಳಿಯುತ್ತದೆ, ನೀರು ಆಚೆ ಹೋಗುತ್ತದೆ. ಆದರೆ ಕೆಲವೇ ವಾರಗಳಲ್ಲಿ ಪೊರೆಗೆ ಲೋಳೆ, ಪಾಚಿ, ಜಿಡ್ಡು ಮೆತ್ತಿಕೊಂಡು ನೀರು ಹೋಗುವುದೇ ನಿಲ್ಲುತ್ತದೆ. ಅದಕ್ಕೇ ಪೊರೆಯ ಮೇಲೆ ಕೊಳೆ ಅಂಟದಂಥ ಹೊಸ ಲೇಪವೊಂದನ್ನು ಹಚ್ಚುತ್ತೇವೆ. (ನನ್ನ ಹೆಂಡತಿ ಮೋಹಿನಿಯ ಪ್ರಕಾರ ಆ ಲೇಪ ನನ್ನ ಕಿವಿಯೊಳಗೂ ಇದೆ, ಅವಳ ಮಾತು ಒಂದೂ ಅಂಟುವುದಿಲ್ಲ.)

ಈ ಪೊರೆಯನ್ನು ಕಡಲ ದಡದಲ್ಲಿ ದೊಡ್ಡದಾಗಿ ಪರೀಕ್ಷಿಸುವ ಲೇಪದ ತಂಡಕ್ಕೆ ಮುಖ್ಯಸ್ಥ ಯಾರು? ನಾನೋ, ನನಗಿಂತ ಕಿರಿಯ ಮನೀಷನೋ? ತೀರ್ಮಾನ ನಮ್ಮ ಸಂಸ್ಥೆಯ ನಿರ್ದೇಶಕಿ ಡಾಕ್ಟರ್ ನೂರ್‌ಹಯಾತಿ ಮೇಡಮ್ಮಿನದು. ನನಗೆ ಆ ಕುರ್ಚಿ ಬೇಕೇ ಬೇಕಿತ್ತು. ಮೇಡಮ್ಮಿಗೆ ದೋಸೆಯೆಂದರೆ ಪ್ರಾಣ. ಆದ್ದರಿಂದ ಭಾನುವಾರ ತಿಂಡಿಗೆ ಕರೆದೆ.

ಬೆಳಿಗ್ಗೆ ಮೋಹಿನಿ ತೆಂಗಿನಕಾಯಿ ತರಲು ಹೋದಳು. ನಾನು ಆದರ್ಶ ಪತಿಯಾಗಲು ಹೊರಟೆ. ಒಲೆಯ ಮೇಲೆ ಅವಳ ತವರಿನ ಕಬ್ಬಿಣದ ಕಾವಲಿ ಇತ್ತು. ಅದರ ತುಂಬ ಅತ್ತೆ ಗಿರಿಜಮ್ಮನವರ ಕಾಲದ ಕಪ್ಪು. ವಿಜ್ಞಾನಿಯ ಕಣ್ಣು ಸುಮ್ಮನಿರುತ್ತದೆಯೇ? ಪೊರೆ ತೊಳೆಯುವ ಶಾಸ್ತ್ರೋಕ್ತ ಕ್ರಮದಲ್ಲೇ ಮೊದಲು ಕ್ಷಾರ, ಆಮೇಲೆ ಆಮ್ಲ (ಅಂದರೆ ಬಚ್ಚಲು ತೊಳೆಯುವ ಸೋಡಾ, ಆಮೇಲೆ ವಿನೆಗರ್), ಕೊನೆಗೆ ಸ್ಟೀಲಿನ ನಾರು ಹಾಕಿ ಉಜ್ಜಿದೆ. ಕಾವಲಿ ಬೆಳ್ಳಿಯಂತೆ ಹೊಳೆಯಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಮೋಹಿನಿ ಮರಳಿದಳು. ಲಿಫ್ಟಿನಲ್ಲಿ ಸಿಕ್ಕಿದ ಮೇಡಮ್ಮೂ ಜೊತೆಗಿದ್ದರು.

“ಎಂತ ಮಾಡಿದ್ರಿ ಮಾರಾಯ್ರೆ ಇದಕ್ಕೆ?” ಮೋಹಿನಿ ಕಾವಲಿಯನ್ನು ಎತ್ತಿ ಹಿಡಿದಳು.

“ಕ್ಲೀನ್ ಮಾಡಿದೆ. ಎಷ್ಟು ವರ್ಷದ ಕೊಳೆ!”

“ಕೊಳೆಯಾ? ಅದು ಪಳಗಿದ ಕಾವಲಿ! ಆ ಕಪ್ಪು ಇದ್ದದ್ದಕ್ಕೇ ದೋಸೆ ಏಳ್ತಾ ಇದ್ದದ್ದು!”

“ಎಣ್ಣೆ ಹಾಕು, ಏಳ್ತದೆ. ಅಂಟುವ ವಿಷಯ ನನಗೆ ಹೇಳ್ಬೇಡ.”

“ಹೌದಾ? ಹಾಗಾದ್ರೆ ನೀವೇ ಹೊಯ್ಯಿರಿ.”

ಹೊಯ್ದೆ. ಮೊದಲನೆಯದು ಏಳಲಿಲ್ಲ. ಎರಡನೆಯದಕ್ಕೆ ಎಣ್ಣೆ ಹೆಚ್ಚಿಸಿದೆ. ಅದು ಕಾವಲಿಯನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡಿತು. ಸಟ್ಟುಗದಿಂದ ಕೆರೆದೆ, ಗೋಗರೆದೆ. ಎಲ್ಲರ ಮನೆ ದೋಸೆಯೂ ತೂತು ಅನ್ನುತ್ತಾರೆ; ನಮ್ಮ ಮನೆಯಲ್ಲಿ ತೂತಾಗುವುದಕ್ಕೆ ದೋಸೆಯೇ ಇರಲಿಲ್ಲ. ಮಗಳು ಶ್ರೀಯಾ ಇಣುಕಿ ನೋಡಿ, “ಅಪ್ಪಾ, ದಿಸ್ ಈಸ್ ಉಪ್ಪಿಟ್ಟು ಲಾ,” ಎಂದು ಇಲ್ಲಿಯ ಮಲೇಷ್ಯಾ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು.

ಮೇಡಮ್ ಎದ್ದು ಬಂದು ಕಾವಲಿಯನ್ನು ನೋಡಿದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: “ದಾಮೋದರ್, ನಮ್ಮಮ್ಮನ ಬಾಣಲೆಯೂ ಹೀಗೇ ಕಪ್ಪಗಿತ್ತು. ಉಜ್ಜಿದವರನ್ನು ಅಮ್ಮ ಸೌಟು ಹಿಡಿದು ಅಟ್ಟಿಸಿಕೊಂಡು ಬರ್ತಿದ್ದರು. ಎಣ್ಣೆ ಕಾದು ಕಾದು ಕೂತ ಪದರ ಅದು. ಏನೂ ಅಂಟದ ಹಾಗೆ ಕಾಯುವ ಲೇಪ. ಅದನ್ನೇ ಕೊಳೆ ಅಂತ ಕಿತ್ತು ಹಾಕಿದಿರಾ?”

ನಾನು ಸಟ್ಟುಗ ಕೆಳಗಿಟ್ಟೆ. ಮೋಹಿನಿ ಎಲ್ಲರಿಗೂ ಚಟ್ನಿಯ ಜೊತೆ ಬ್ರೆಡ್ ಬಡಿಸಿದಳು.

ಮರುದಿನವೇ ಆದೇಶ ಹೊರಬಿತ್ತು. ಲೇಪದ ತಂಡಕ್ಕೆ ಮನೀಷ. ನನಗೂ ಒಂದು ಪದವಿ ಸಿಕ್ಕಿತು: ಕೊಳೆ ಹಿಡಿದ ಹಳೆಯ ಪೊರೆಗಳನ್ನು ತೊಳೆಯುವ ವಿಭಾಗದ ಮುಖ್ಯಸ್ಥ. “ಇಷ್ಟು ಬುಡಸಮೇತ ಕಿತ್ತು ತೆಗೆಯುವ ಕೈ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ,” ಎಂದು ಮೇಡಮ್ ಮನಸಾರೆ ಹೊಗಳಿದರು.

ಮನೆಗೆ ಬಂದು ಮುಖ ಜೋಲು ಹಾಕಿಕೊಂಡು ಸುದ್ದಿ ಹೇಳಿದೆ. ಮೋಹಿನಿ ಅರ್ಧಕ್ಕೆ ಕತ್ತರಿಸಿದ ನೀರುಳ್ಳಿ, ಎಣ್ಣೆಯ ಬಟ್ಟಲು ತಂದು ನನ್ನ ಕೈಗಿಟ್ಟು, ಒಲೆ ಹಚ್ಚಿ ಆ ಕಾವಲಿಯನ್ನೇ ಇಟ್ಟಳು.

“ಬೇಜಾರು ಮಾಡ್ಬೇಡಿ. ಇಲ್ಲಿ ಲೇಪದ ತಂಡಕ್ಕೆ ನೀವೇ ಮುಖ್ಯಸ್ಥರು. ಉಜ್ಜಿ. ದೋಸೆ ಏಳುವ ತನಕ ನೀವೂ ಏಳ್ಲಿಕ್ಕಿಲ್ಲ.”