ಹಿತ್ತಲಲ್ಲಿ ಸಿಕ್ಕ ಹನ್ನೊಂದು ಬಾಟ್ಲಿ

ನಾನು ಬೇಕು ಅಂತ ಮಾಡುವ ಕಿತಾಪತಿಗೆ ಒದೆ ತಿಂದರೆ ನನಗೇನೂ ಬೇಜಾರಿಲ್ಲ. ಆದರೆ ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ನಾನು ಸುಮ್ಮನಿದ್ದರೂ ಏನಾದರೂ ಒಂದು ಆಗುತ್ತಲೇ ಇರುತ್ತದೆ, ಆದದ್ದೆಲ್ಲ ನನ್ನ ತಲೆಗೇ ಬರುತ್ತದೆ. ಈ ಬಾಟ್ಲಿಗಳ ವಿಷಯದಲ್ಲಂತೂ ನಾನು ಮಾಡಿದ್ದು ಒಂದೇ ತಪ್ಪು: ಹೇಳಿದ ಕೆಲಸ ಮಾಡಿದ್ದು.

ತೆಂಗಿನ ಗುಂಡಿ

ಎಂಟನೇ ಕ್ಲಾಸಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದ ಮೇಲೆ ಅಪ್ಪ ನನ್ನ ಕೈಗೆ ಗುದ್ದಲಿ ಕೊಟ್ಟು, ಓದೋದಂತೂ ಆಯ್ತು, ಹಿತ್ತಲಲ್ಲಿ ತೆಂಗಿನ ಸಸಿಗೆ ಒಂದು ಗುಂಡಿಯಾದರೂ ನೆಟ್ಟಗೆ ತೋಡು ಅಂದ.

ಆ ಭಾನುವಾರ ಅಕ್ಕನನ್ನು ನೋಡೋಕೆ ಮಳವಳ್ಳಿಯಿಂದ ಗಂಡಿನವರು ಬರುವವರಿದ್ದರು. ಹುಡುಗ ಮದ್ದೂರಿನಲ್ಲಿ ಮೇಷ್ಟ್ರು. ಅಕ್ಕನಿಗೆ ಅವನು ಫೋಟೋದಲ್ಲೇ ಹಿಡಿಸಿಬಿಟ್ಟಿದ್ದ. ಆ ಫೋಟೋ ಅಕ್ಕಿ ಡಬ್ಬದ ತಳದಲ್ಲಿರುವುದು ನನಗೆ ಮಾತ್ರ ಗೊತ್ತಿತ್ತು. ಆದರೆ ಅವರ ಮನೆಯಲ್ಲಿ ಹೂಂ ಅನ್ನಬೇಕಾದವರು ಹುಡುಗನ ತಾತ. ಮಿಲಿಟ್ರಿಯಲ್ಲಿದ್ದು ಬಂದವರು. ಅವರದು ಒಂದೇ ಷರತ್ತು: ಹೆಣ್ಣಿನ ಮನೆಯಲ್ಲಿ ಕುಡಿತದ ವಾಸನೆ ಇರಕೂಡದು.

ಅದಕ್ಕೆ ನಮಗೆ ಹೆದರಿಕೆಯೇ ಇರಲಿಲ್ಲ. ತೀರಿಹೋದ ನಮ್ಮ ತಾತ ಊರವರಿಗೆಲ್ಲ ಕುಡಿತ ಬಿಡಿಸಿ ಹೆಸರಾದವನು. ನಡುಮನೆಯಲ್ಲಿ ಅವನ ಪಟ ಹಾರ ಹಾಕಿಕೊಂಡು ಈಗಲೂ ಬಂದವರನ್ನೆಲ್ಲ ಗದರಿಸುವಂತೆ ನೋಡುತ್ತದೆ. ಅವನ ಹೆಸರು ಕೇಳಿಯೇ ಮಿಲಿಟ್ರಿ ತಾತ, ಆ ಮನೆಯಾದರೆ ನೋಡೋಣ ಅಂದಿದ್ದರಂತೆ.

ಅಕ್ಕ ಮಾತ್ರ ನನ್ನನ್ನು ಬೇರೆ ಕರೆದು ಹೇಳಿದ್ದಳು. "ಈ ಸಲ ಏನಾರ ಕಿತಾಪತಿ ಮಾಡುದ್ರೆ ಆ ಗುಂಡೀಲಿ ತೆಂಗಿನ ಸಸಿ ಬದ್ಲು ನಿನ್ನೇ ನೆಟ್ಬುಡ್ತೀನಿ ಕಣ್ಲಾ."

ಮೊಣಕಾಲುದ್ದ ಅಗೆದಿದ್ದೆ, ಠಣ್ ಅಂತು. ನಿಧಿ ಅಂತ ಕೈ ಹಾಕಿದರೆ ಬಾಟ್ಲಿ. ಅದರ ಪಕ್ಕ ಇನ್ನೊಂದು. ಸಂಜೆಗೆ ಹನ್ನೊಂದು ಬಾಟ್ಲಿ ಮೇಲೆ ಬಂದವು. ಕಂದು ಬಣ್ಣದ್ದು, ಹಸಿರು ಬಣ್ಣದ್ದು, ಕತ್ತು ಉದ್ದದ್ದು, ಹೊಟ್ಟೆ ಡುಬ್ಬದ್ದು. ಮೂರು ಮಾತ್ರ ಚೌಕದವು, ಒಂದೇ ತಾಯಿ ಮಕ್ಕಳ ಹಾಗೆ. ಔಷಧಿ ಬಾಟ್ಲಿ ಅಲ್ಲ ಅನ್ನುವುದು ನನ್ನಂಥ ದಡ್ಡನಿಗೂ ಗೊತ್ತಾಗುತ್ತಿತ್ತು.

ಅಪ್ಪ ಆಫೀಸಿನಿಂದ ಬಂದವನು ಬಾಟ್ಲಿ ನೋಡಿದ, ಒಳಗೆ ಹೋಗಿ ಪಟ ನೋಡಿದ, ಆಮೇಲೆ ಅಜ್ಜಿಯ ಹತ್ತಿರ ಕೂತು ಮೆಲ್ಲಗೆ ಕೇಳಿದ.

"ಅವ್ವ, ಅಪ್ಪ ದಿನಾ ಸಂಜೆ ಹಿತ್ತಲಲ್ಲಿ ಏನ್ಮಾಡ್ತಿದ್ದ?"

"ಗಿಡಕ್ಕೆ ನೀರು ಹಾಕ್ತಿದ್ರಪ್ಪ. ಎರಡು ಗಂಟೆ ಹೊತ್ತು. ಆಗ ಯಾರೂ ಅತ್ಲಾಗೆ ಬರಕೂಡದು ಅಂತಿದ್ರು."

"ಎಷ್ಟು ಗಿಡ ಇತ್ತವ್ವ?"

"ಒಂದು ನಿಂಬೆಗಿಡ."

ಹಳೇ ಬಾಟ್ಲಿಯವನು

ಭಾನುವಾರದೊಳಗೆ ಅವನ್ನು ಸಾಗಹಾಕಬೇಕಿತ್ತು. ಬೆಳಿಗ್ಗೆ ಸೈಕಲ್ಲಿನಲ್ಲಿ ಖಾಲಿ ಸೀಸ, ಹಳೇ ಪೇಪರ್ ಅಂತ ಕೂಗಿಕೊಂಡು ಬರುವವನನ್ನು ಸದ್ದಿಲ್ಲದೆ ಕರೆದು ಕೊಟ್ಟುಬಿಡು ಅಂತ ಅಪ್ಪ ಹೇಳಿದ. ನಾನು ಸದ್ದಿಲ್ಲದೆಯೇ ಕರೆದೆ. ಸದ್ದು ಮಾಡಿದ್ದು ಅವನು. ಬೀದಿ ನಲ್ಲಿಯ ಹತ್ತಿರ ನಿಂತು ಒಂದೊಂದನ್ನೇ ಬಿಸಿಲಿಗೆ ಎತ್ತಿ ಹಿಡಿದು, ಇಂಥ ಮಾಲು ನಮ್ಮಪ್ಪನ ಕಾಲಕ್ಕೇ ನಿಂತೋಯ್ತು, ಯಾರು ಸಾಮಿ ಇದ ಕುಡ್ದೋರು ಅಂತ ಶುರುಮಾಡಿದ. ನಲ್ಲಿಯ ಹತ್ತಿರ ಬಿಂದಿಗೆಗಳು ತುಂಬಿ ಹರಿಯುತ್ತಿದ್ದರೂ ಯಾರೂ ತೆಗೆಯಲಿಲ್ಲ.

ಅಪ್ಪ ಓಡಿಬಂದು, ಇವೆಲ್ಲ ಮಣ್ಣಲ್ಲಿ ಸಿಕ್ಕಿದವು ಕಣಯ್ಯ ಅಂದ.

"ಆಗ್ಲಿ ಬುಡಿ ಸಾಮಿ," ಅಂದ ಅವನು, ಬಹಳ ಸಮಾಧಾನವಾಗಿ. "ಎಲ್ಲಾರ್ ಮನೇಲೂ ಅಂಗೇ ಅಂತಾರೆ. ಆಚೆ ಬೀದೀಲಿ ಒಬ್ರು, ಎಮ್ಮೆ ಕುಡೀತು ಅಂದ್ರು."

ಈಗ ಇಂಥ ಬಾಟ್ಲಿ ಯಾರೂ ತುಂಬಲ್ಲ ಅಂತ ಹೇಳಿ ಹನ್ನೊಂದನ್ನೂ ಅಲ್ಲೇ ಬಿಟ್ಟು ಹೋದ.

ಹನಕೆರೆ ಗಾಡಿ

ಆಮೇಲೆ ಅಪ್ಪ ಅವನ್ನು ಗೋಣಿಚೀಲಕ್ಕೆ ತುಂಬಿ, ರೈಲಲ್ಲಿ ಹನಕೆರೆಗೆ ತಗೊಂಡೋಗಿ ಯಾವುದಾದರೂ ಹಾಳು ಬಾವಿಗೆ ಎಸೆದು ಬಾ ಅಂದ. ಗಾಡಿ ಮಂಡ್ಯ ಬಿಟ್ಟಿತು. ಎದುರಿಗೆ ನೋಡಿದರೆ ನನ್ನನ್ನು ಎರಡು ಸಲ ಫೇಲು ಮಾಡಿದ ಹೆಡ್‌ಮೇಷ್ಟ್ರು ಕೂತಿದ್ದಾರೆ.

ಗಾಡಿ ಅಲ್ಲಾಡಿದಾಗೆಲ್ಲ ಚೀಲವೂ ಮಾತಾಡುತ್ತಿತ್ತು. ಅದೇನಯ್ಯ ಗಲಗಲ ಅನ್ನೋದು ಅಂತ ಕೇಳಿದರು. ಟಾನಿಕ್ಕು ಸಾ ಅಂದೆ. ಯಾರಿಗೆ ಅಂದರು. ನಮ್ಮಪ್ಪಂಗೆ ಅಂದೆ. ಅವರು ಚೀಲದ ಬಾಯಿ ಬಿಚ್ಚಿ ನೋಡಿ, ಎಣಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಹನ್ನೊಂದು ಬಾಟ್ಲೀನೂ ನಿಮ್ಮ ತಂದೆಗೇ?"

"ತಿಂಗಳಿಗೆ ಸಾ," ಅಂದುಬಿಟ್ಟೆ. ಬಾಯಿಗೆ ಬಂದದ್ದನ್ನು ತಡೆಯುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ.

ಹನಕೆರೆಯಲ್ಲಿ ಅವರೇ ಇಳಿದು, ಮಂಡ್ಯಕ್ಕೆ ವಾಪಸ್ಸು ಬರುವ ಗಾಡಿಗೆ ನನ್ನನ್ನೂ ಚೀಲವನ್ನೂ ಹತ್ತಿಸಿ, ಜೊತೆಗೆ ನಮ್ಮ ಮನೆಗೇ ಬಂದರು. ಅಪ್ಪನ ಕೈ ಹಿಡಿದುಕೊಂಡು, ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು, ಆ ಮಹಾನುಭಾವರ ಪಟ ನೋಡಿಕೊಂಡಾದರೂ ಬಿಡಿ ಅಂತ ಬುದ್ಧಿ ಹೇಳಿದರು. ಅಪ್ಪ ಬಾಯಿ ತೆಗೆದ. ನಿಜ ಹೇಳಿದರೆ ಸತ್ತ ತಾತನ ಮಾನ ಹೋಗುತ್ತದೆ. ಬಾಯಿ ಮುಚ್ಚಿದ. ಕೊನೆಗೆ ಹಲ್ಲು ಕಚ್ಚಿಕೊಂಡು, ಬುಡ್ತೀನಿ ಸಾ ಅಂದ. ಜೀವಮಾನದಲ್ಲಿ ಶುರುವೇ ಮಾಡದಿದ್ದದ್ದನ್ನು ಅಪ್ಪ ಅವತ್ತು ಬಿಟ್ಟ.

ಹೂವಿನ ಪಾತಿ

ಶನಿವಾರ ಅಕ್ಕ ಊಟ ಬಿಟ್ಟು ಮೂಲೆಯಲ್ಲಿ ಕೂತಳು. ಸರ್ಕಾರಿ ಕ್ವಾಟ್ರಸ್ಸುಗಳಲ್ಲಿ ಹೂವಿನ ಪಾತಿ ಸುತ್ತ ಬಾಟ್ಲಿಗಳನ್ನು ತಲೆಕೆಳಗಾಗಿ ಹೂತು ಬಾರ್ಡರ್ ಮಾಡಿರುತ್ತಾರಲ್ಲ, ಹಾಗೇ ಮಾಡೋಣ, ಬರೀ ತಳ ಕಾಣುತ್ತೆ, ಯಾರಿಗೂ ಗೊತ್ತಾಗಲ್ಲ ಅಂದೆ. ಅಪ್ಪ ನನ್ನ ಮಾತು ಕೇಳಿದ್ದು ಅದೇ ಮೊದಲು. ಕನಕಾಂಬರದ ಪಾತಿ ಸುತ್ತ ಹನ್ನೊಂದನ್ನೂ ಹೂತೆ. ನೋಡೋಕೆ ಚೆನ್ನಾಗಿಯೇ ಇತ್ತು.

ಭಾನುವಾರ ಗಂಡಿನವರು ಬಂದರು. ಹುಡುಗ ತಲೆ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಮಿಲಿಟ್ರಿ ತಾತ ಉಪ್ಪಿಟ್ಟು ತಿಂದು, ನನ್ನ ಡುಮ್ಕಿಗಳ ಕಥೆಯನ್ನು ಅಪ್ಪನ ಬಾಯಲ್ಲೇ ಕೇಳಿ, ಮೀಸೆ ಒರೆಸಿಕೊಂಡು, ಕೈ ತೊಳೆಯೋಕೆ ಹಿತ್ತಲಿಗೆ ಎದ್ದರು. ಚೊಂಬು ಹಿಡಿದು ನಾನು ಹಿಂದೆ ಹೋದೆ. ಅವರು ಪಾತಿಯ ಹತ್ತಿರ ನಿಂತುಬಿಟ್ಟರು. ಚೌಕದ ತಳ ಮೂರನ್ನೂ ಒಂದಾದ ಮೇಲೊಂದು ನೋಡಿದರು. ಅಕ್ಕ ಅಡುಗೆಮನೆ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಇವು ಎಲ್ಲಿ ಸಿಕ್ಕಿದ್ವಲಾ ಮಗ?"

ಗುಂಡಿ ತೋರಿಸಿದೆ.

"ನಿಮ್ ತಾತ ಕುಡ್ದಿದ್ದು ಅನ್ಕಂಡ್ಯಾ?"

"ನಾನಲ್ಲ ತಾತ, ನಮ್ಮಪ್ಪ ಅಂಗೆ ಅನ್ಕಂಡವ್ನೆ."

ಮಿಲಿಟ್ರಿ ತಾತ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. ಕುಡಿತ ಬಿಡ್ತೀನಿ ಅಂತ ಬಂದವರ ಕೈಯಲ್ಲೇ ನಮ್ಮ ತಾತ ಗುಂಡಿ ತೋಡಿಸಿ, ಕೊನೇ ಬಾಟ್ಲಿ ಹೂಳಿಸಿ, ಅದರ ಮೇಲೆ ನಿಲ್ಲಿಸಿ ಆಣೆ ಮಾಡಿಸುತ್ತಿದ್ದನಂತೆ. ಬಂದವರ ಮರ್ಯಾದೆ ಹೋಗಬಾರದು ಅಂತ ಹಿಂದಿನ ಓಣಿಯಿಂದ ಕರೆದುಕೊಂಡು, ಹೆಸರು ಹೆಂಡತಿಗೂ ಹೇಳುತ್ತಿರಲಿಲ್ಲವಂತೆ. ಅಷ್ಟು ಹೇಳಿ ಅವರು ಬಗ್ಗಿ ಒಂದು ಚೌಕದ ಬಾಟ್ಲಿಯ ತಳ ಸವರಿದರು.

"ಇದು ನಂದು. ಮಿಲಿಟ್ರಿ ಮಾಲು."

ನಾನು ಮಿಕ್ಕ ಎರಡು ಚೌಕದವನ್ನು ನೋಡಿದೆ. ಅವರು ಆಕಾಶ ನೋಡಿದರು.

"ಅವೂ ನಂದೇ."

"ಮೂರು ಸಲ ಬುಟ್ರಾ ತಾತ?"

"ಬುಡೋದೂ ಒಂದೇ ಸಲಕ್ಕೆ ಬರಲ್ಲ ಕಣ್ಲಾ. ನೀನು ಎಂಟನೇ ಕ್ಲಾಸು ಎಷ್ಟು ಸಲ ಕೂತೆ?"

ಒಳಗೆ ಹೋಗಿ ಪಟಕ್ಕೆ ಕೈ ಮುಗಿದು, ಈ ಪುಣ್ಯಾತ್ಮ ಊರವರ ಕುಡಿತ ಹೂತದ್ದು ಈ ಹಿತ್ತಲಲ್ಲೇ, ಗುಂಡಿ ತೋಡೋಕೆ ನಾನೂ ಬರ್ತಿದ್ದೆ ಅಂತ ಎಲ್ಲರೆದುರಿಗೆ ಹೇಳಿದರು. ಅದು ಸುಳ್ಳೇನೂ ಅಲ್ಲ. ಅಪ್ಪ ಪಟದ ಮುಂದೆ ಕಣ್ಣೊರೆಸಿಕೊಂಡ. ಹೆಣ್ಣು ನಮ್ಮದೇ ಅಂತ ಮಿಲಿಟ್ರಿ ತಾತ ಎಲೆಅಡಿಕೆ ತಗೊಂಡರು. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮುಚ್ಚಳದ ಸದ್ದಾಯಿತು.

ಹೊರಡುವಾಗ ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಗೇಟಿನವರೆಗೂ ಕರೆದುಕೊಂಡು ಹೋದರು. ಶಭಾಷ್ ಅನ್ನುತ್ತಾರೆ ಅಂದುಕೊಂಡೆ. ಅವರು ಕಿವಿಯ ಹತ್ತಿರ ಬಾಗಿ ಹೇಳಿದರು:

"ಮದ್ವೆ ಮುಗಿಯೋಗಂಟ ಆ ನಿಂಬೆಗಿಡದ ಬುಡ ಮಾತ್ರ ಅಗೀಬ್ಯಾಡ ಕಣ್ಲಾ."