ಇನಾಯತ್ ಸಾಬರ ಟೆರೇಸಿನ ಹುಂಜ

ಆ ಭಾನುವಾರ ಬೆಳಗ್ಗೆ ಶಿವಾಜಿನಗರದ ಮೇಲೆ ದಟ್ಟ ಮಂಜು ಕವಿದಿತ್ತು. ಮಾರ್ಕೆಟ್ಟಿನ ಗೋಪುರ, ಚರ್ಚಿನ ಶಿಲುಬೆ, ಮಸೀದಿಯ ಮಿನಾರು ಒಂದೂ ಕಾಣದು. ದೇವರು ಎಲ್ಲವನ್ನೂ ಒಂದೇ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿಟ್ಟ ಹಾಗಿತ್ತು. ಎಂಥ ಹುಂಜಕ್ಕೂ ಕೂಗಬೇಕು ಅನ್ನಿಸುವ ಹೊತ್ತು. ಬಸಣ್ಣನ ಹುಂಜ ಮಾತ್ರ ಕೂಗಲಿಲ್ಲ.

ಬಸಣ್ಣ ಯಾದಗಿರಿ ಕಡೆಯವನು. ಇನಾಯತ್ ಉಲ್ಲಾ ಸಾಬರ ಕಟ್ಟಡದಲ್ಲಿ, ನೆಲಮಟ್ಟದ ಕಿಟಕಿಯಿಲ್ಲದ ಕೋಣೆಯಲ್ಲಿ ಬಾಡಿಗೆಗಿದ್ದು ಬಟ್ಟೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ದೀಪಾವಳಿಗೆ ಮುಂಚೆ ಅವನ ಅವ್ವ ಪೀರಮ್ಮ ತೀರಿಕೊಂಡಳು. ಅವಳ ಫೋಟೊ, ದನಿ ಎಲ್ಲ ಇದ್ದ ಫೋನು ಅದಕ್ಕೂ ಮೊದಲೇ ನೀರಿನ ಡ್ರಮ್ಮಿಗೆ ಬಿದ್ದು ಸತ್ತಿತ್ತು. ಅವ್ವ ಸಾಕಿದ್ದ ಮುದಿ ಹುಂಜ ತಿಥಿಗೆ ಬಂದ ನೆಂಟರ ಸಾರಿಗೆ ಹೋಯಿತು. ಉಳಿದದ್ದು ಅದರ ಮಗ, ಈ ಕೆಂಪು ಹುಂಜ. ಊರಿನಲ್ಲಿ ಬೆಳಕು ಹರಿಯುವಾಗ ಹುಂಜ ಕೂಗುತ್ತಿತ್ತು, ಬೆನ್ನಿಗೇ ಅವ್ವ ಬೈಯುತ್ತಿದ್ದಳು. ಬೈಗುಳವಂತೂ ಹೋಯಿತು, ಕೂಗಾದರೂ ಕಿವಿಗೆ ಬೀಳಲಿ ಎಂದು ಅದನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿದ್ದ.

ಟೆರೇಸಿನಲ್ಲಿ ಜಾಗ ಕೊಟ್ಟವರು ಇನಾಯತ್ ಸಾಬರು. ಹುಂಜ ಕೂಗುವುದು ದೇವದೂತನನ್ನು ಕಂಡಾಗ ಎಂದು ಹಿರಿಯರಿಂದ ಕೇಳಿದ್ದವರು ಅವರು. ಅಂಥ ಪ್ರಾಣಿ ಮನೆಯ ಮೇಲಿದ್ದರೆ ಒಳ್ಳೆಯದೇ. ಆದರೆ ಹುಂಜ ಬಂದು ತಿಂಗಳಾದರೂ ಬಾಯಿ ಬಿಡದಿದ್ದಾಗ ಅವರಿಗೆ ಬೇರೆಯದೇ ಚಿಂತೆ ಹತ್ತಿತು. ನನ್ನ ಕಟ್ಟಡಕ್ಕೆ ದೇವದೂತರು ಬರುತ್ತಲೇ ಇಲ್ಲವೇ? ಗಲ್ಲಿಯ ಜನ ಏನೆಂದಾರು?

"ನೋಡು ಬಸಣ್ಣ, ನಾಳೆ ಬೆಳಗ್ಗೆ ಕೂಗಿದ್ರೆ ಸರಿ. ಇಲ್ದಿದ್ರೆ ಮುಕ್ತಾರ್ ಅಂಗಡಿಗೆ ಕೊಟ್ಬಿಡು," ಎಂದು ಅಂದು ಹೇಳಿಯೇಬಿಟ್ಟರು. ಮುಕ್ತಾರನದು ಗಲ್ಲಿಯ ತುದಿಯ ಕೋಳಿ ಅಂಗಡಿ.

ಸುದ್ದಿ ಮೆಟ್ಟಿಲು ಹತ್ತಿತು. ಮೊದಲ ಮಹಡಿಯ ಸುನೀಲ ಬಂದು ಹುಂಜವನ್ನು ಅತ್ತಿತ್ತ ತಿರುಗಿಸಿ ನೋಡಿ, "ಸೈಲೆಂಟ್ ಮೋಡಲ್ಲಿದೆ ಗುರು," ಎಂದ. ಎರಡನೇ ಮಹಡಿಯ ತಾಹೇರಾ ಗಂಟಲಿಗೆ ಒಳ್ಳೆಯದೆಂದು ಜೇನಿನಲ್ಲಿ ಕಾಳುಮೆಣಸು ಕಲಸಿ ತಂದರು. ಹುಂಜ ಅದನ್ನು ನುಂಗಿ, ಮುನ್ಸಿಪಾಲಿಟಿ ಗುಮಾಸ್ತನ ಹಾಗೆ ಎರಡು ಸಲ ಸೀನಿ, ಅವರದೇ ಪುದೀನ ಕುಂಡಕ್ಕಿಳಿದು, ಮಣ್ಣು ಕೆದರಿ ಮೈಗೆಲ್ಲ ಎರಚಿಕೊಂಡು ಸ್ನಾನ ಮಾಡಿತು. ಪುದೀನ ಹೋಯಿತು. ಎದುರಾಳಿ ಕಂಡರೆ ಕೂಗೀತೆಂದು ಸುನೀಲ ತಾಹೇರಾರ ಕನ್ನಡಿ ತಂದು ನಿಲ್ಲಿಸಿದ. ಹುಂಜ ಕತ್ತಿನ ಗರಿ ಕೊಡೆಯಂತೆ ಬಿಚ್ಚಿ, ಹಾರಿ ಒದೆಯಿತು. ಕನ್ನಡಿಯೂ ಹೋಯಿತು.

ಬಸಣ್ಣನಿಗೆ ಅವ್ವನ ಮಾತು ನೆನಪಾಯಿತು: ಹಿರೇ ಹುಂಜ ಕೂಗೂತನ ಕಿರಿದು ಬಾಯಿ ತೆರೆಯಂಗಿಲ್ಲ, ಅದು ಕೋಳಿಗಳ ಮರ್ಯಾದಿ. ಆದರೆ ಇಲ್ಲಿ ಹಿರೇ ಹುಂಜ ಎಲ್ಲಿದೆ? ಇಲ್ಲದಿದ್ದರೆ ತಾನೇ ಆಗಬೇಕು. ಮಧ್ಯಾಹ್ನದ ಊಟ ಬಿಟ್ಟು ನೀರಿನ ಟ್ಯಾಂಕಿನ ಮೇಲೆ ಹತ್ತಿ, ಕತ್ತು ಚಾಚಿ, ಕಣ್ಣು ಮುಚ್ಚಿ ಕೂಗಿದ. ಹೊತ್ತು ಇಳಿಯುವವರೆಗೂ ಮತ್ತೆ ಮತ್ತೆ ಕೂಗಿದ. ಗಲ್ಲಿಯ ಕಿಟಕಿಗಳೆಲ್ಲ ತೆರೆದವು. ಹುಂಜ ಒಂದು ಕಣ್ಣಿಂದ ನೋಡಿತು, ತಿರುಗಿ ಇನ್ನೊಂದು ಕಣ್ಣಿಂದಲೂ ನೋಡಿತು, ಆಮೇಲೆ ಕಾಳು ಹೆಕ್ಕತೊಡಗಿತು.

ಇನಾಯತ್ ಸಾಬರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ಕೇಳಿದರು, "ಕೂಗೋದು ನೀನಾದ್ರೆ, ಮುಕ್ತಾರ್ ಹತ್ರ ಯಾರನ್ನಪ್ಪ ಕಳಿಸ್ಲಿ?"

"ಗಂಟಲಾ ಬಿದ್ದೋಗ್ಯದ್ರಿ ಸಾಬ್ರ. ನನ್ನ ತಗೊಂಡು ಏನ್ ಮಾಡ್ತಾನ್ರಿ ಅವ," ಎಂದ ಬಸಣ್ಣ, ಒಡಕು ದನಿಯಲ್ಲಿ.

ಆಗಲೇ ಟೆರೇಸಿಗೆ ಹೊಂದಿಕೊಂಡ ಒಂಟಿ ಕೋಣೆಯೊಳಗಿಂದ ಹುಂಜವೊಂದು ಗಟ್ಟಿಯಾಗಿ ಕೂಗಿತು. ಕೆಂಪು ಹುಂಜ ಗರಿ ಮುದುರಿ, ತಲೆ ತಗ್ಗಿಸಿ, ಮಾವನ ಮುಂದೆ ಸಿಕ್ಕಿಬಿದ್ದ ಹೊಸ ಅಳಿಯನಂತೆ ಟ್ಯಾಂಕಿನ ಹಿಂದೆ ಸರಿಯಿತು. ಕೋಣೆಯಿಂದ ಹೊರಬಂದವರು ಅಲ್ಲಿ ಒಬ್ಬರೇ ಇರುವ, ಕಟ್ಟಡಕ್ಕೆಲ್ಲ ಚಿಕ್ಕಮ್ಮನಂತಿದ್ದ ಗುಲ್ಷನ್ ಖಾಲಾ. ಕೈಯಲ್ಲಿ ಇನ್ನೂ ಕೂಗುತ್ತಿದ್ದ ಫೋನು. ಬೆಳಗಿನ ನಮಾಜಿಗೂ ಸಂಜೆಗೆ ಮುಂಚಿನ ನಮಾಜಿಗೂ ಅವರನ್ನು ಎಬ್ಬಿಸುವ, ಟೆರೇಸು ಬಿಟ್ಟು ಕೆಳಗೆ ಕೇಳಿಸದ ಅಲಾರಾಂ ಅದು.

ಎಲ್ಲರೂ ನಕ್ಕರು. ಬಸಣ್ಣ ನಗಲಿಲ್ಲ. ಕೂಗು ಮುಗಿದದ್ದೇ ಫೋನಿನಿಂದ ಒಂದು ಹೆಣ್ಣುದನಿ ಬಂತು:

"ಏ ಬಸ್ಯಾ, ಆ ಫೋನ್ ಇಡೋ. ಹೊತ್ತ್ ಏರಾಕತ್ತದ, ಕೋಳಿಗಿ ಜ್ವಾಳ ಹಾಕು."

ಬಸಣ್ಣ ಈ ಕಟ್ಟಡಕ್ಕೆ ಬಂದ ಹೊಸತರಲ್ಲಿ ಖಾಲಾ ನಮಾಜಿಗೆ ಎಚ್ಚರವಾಗದೆಂದು ಕೊರಗುತ್ತಿದ್ದರು. ಊರಲ್ಲಿ ತನ್ನ ಹಳೇ ಫೋನಿಗೆ ತುಂಬಿಕೊಂಡು ಬಂದಿದ್ದ ಹಿರೇ ಹುಂಜದ ಕೂಗನ್ನು ಅವನೇ ಅವರ ಫೋನಿಗೆ ಹಾಕಿಕೊಟ್ಟು ಮರೆತಿದ್ದ. ತಿಂಗಳಿಂದ ಮಗನ ಬಾಯಿ ಕಟ್ಟಿದ್ದು ಸಾರಿಗೆ ಹೋದ ಅಪ್ಪನೇ.

ಇನಾಯತ್ ಸಾಬರಿಗೆ ಜೀವ ಬಂದಂತಾಯಿತು. ಹುಂಜದ ದೋಷವೂ ಅಲ್ಲ, ದೇವದೂತರ ದೋಷವೂ ಅಲ್ಲ. ಹಿರಿಯರ ಮುಂದೆ ಇದಕ್ಕಿರುವ ಅದಬು, ಮರ್ಯಾದೆ ನಮ್ಮ ಮಕ್ಕಳಿಗಿಲ್ಲ ಎಂದು ಹೊಗಳಿ, ಅಲಾರಾಂ ತೆಗೆಯಲು ಖಾಲಾಗೆ ಹೇಳಿ, ಎಲ್ಲರನ್ನೂ ಕೆಳಗಿಳಿಸಿದರು. ಇನ್ನೊಂದು ಸಲ ಕೇಳಿಸಿ ಎನ್ನಲು ಬಸಣ್ಣನಿಗೆ ಬಾಯಿ ಬರಲಿಲ್ಲ. ಗಂಟಲೂ ಇರಲಿಲ್ಲ.

ಮಾರನೆಯ ದಿನವೂ ಮಂಜು. ಬಸಣ್ಣ ಕತ್ತಲಿರುವಾಗಲೇ ಟೆರೇಸಿಗೆ ಬಂದು ಟ್ಯಾಂಕಿನ ಬಳಿ ಕೂತ. ಕೆಂಪು ಹುಂಜ ಸುತ್ತ ಕಿವಿಗೊಟ್ಟು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ರೆಕ್ಕೆ ಬಡಿದು ಕೂಗಿತು. ಊರಿನದೇ ಕೂಗು, ಅಪ್ಪನದೇ ಗಂಟಲು. ಕೆಳಗೆ ಇನಾಯತ್ ಸಾಬರು ದೇವರನ್ನು ನೆನೆದದ್ದು ಕೇಳಿಸಿತು.

ಕೂಗು ಮುಗಿಯಿತು. ಬಸಣ್ಣ ಕಾಯುತ್ತ ಕೂತ. ಅದರ ಬೆನ್ನಿಗೆ ಏನೂ ಬರಲಿಲ್ಲ. ಇಷ್ಟು ದಿನ ತಾನು ಕಾದದ್ದು ಹುಂಜಕ್ಕಲ್ಲ ಎಂದು ಅವನಿಗೆ ಆಗ ತಿಳಿಯಿತು.

ಗುಲ್ಷನ್ ಖಾಲಾ ದುಪಟ್ಟಾ ಸರಿಮಾಡಿಕೊಳ್ಳುತ್ತ ಹೊರಬಂದರು. ನಮಾಜು ತಪ್ಪಿಹೋಗಿತ್ತು. "ಹುಂಜ ಕೂಗ್ತು ಬೇಟಾ, ಕೇಳಿಸ್ತು. ಮತ್ತೆ ಮಲಗ್ಬಿಟ್ಟೆ. ನಂಗೆ ಎಚ್ಚರ ಆಗ್ತಿದ್ದಿದ್ದು ಆ ಬೈಗುಳಕ್ಕೆ. ಯಾರದು ಅಂತ ನಿನ್ನೆ ನಿನ್ನ ಮುಖ ನೋಡಿದ್ಮೇಲೇ ಗೊತ್ತಾಗಿದ್ದು."

ಅವನ ಹೊಸ ಫೋನು ಕೇಳಿ ತೆಗೆದುಕೊಂಡರು. ತಮ್ಮದರ ಪಕ್ಕ ಹಿಡಿದು, ಏನೇನೋ ಒತ್ತಿದರು. ಅವನ ಫೋನಿನೊಳಗೆ ಹಿರೇ ಹುಂಜ ಕೂಗಿತು, ಅವ್ವ ಬೈದಳು. ಇನ್ನೊಂದು ಕೂಗಿಗೆ ಕತ್ತು ಚಾಚಿದ್ದ ಕೆಂಪು ಹುಂಜ ತೆರೆದ ಬಾಯಿ ಮುಚ್ಚಿ ಟ್ಯಾಂಕಿನ ಹಿಂದೆ ಸರಿಯಿತು. ಯಾಕೆ ನಿಲ್ಲಿಸಿತೆಂದು ಕೆಳಗಿನಿಂದ ಇನಾಯತ್ ಸಾಬರು ಕೇಳುತ್ತಿದ್ದರು.

ಖಾಲಾ ಫೋನನ್ನು ಬಸಣ್ಣನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಮೇಲೆ ಮಡಿಸಿ, ಒಳಗೆ ಹೋದರು.